ಹೆಬ್ಬಾತುಗಳು ಹೊರಡುವ ರಾತ್ರಿಯನ್ನು ಊಹಿಸುವುದು ಹೇಗೆ?

"ಹಕ್ಕಿ ಹೋದ್ವ್ರೀ, ಕೆರಿ ಖಾಲಿ ಆಗೇತಿ" ಎಂದು ಜನವರಿ ಕೊನೆಗೆ ಫೋನ್ ಬಂದರೆ ನಾನೀಗ ಗಾಬರಿಯಾಗುವುದಿಲ್ಲ. ಮೊದಮೊದಲು ಆಗುತ್ತಿದ್ದೆ. ಕ್ಯಾಮೆರಾ ಹೊತ್ತು ಮಾಗಡಿ ಕೆರೆಗೆ ಓಡುತ್ತಿದ್ದೆ, ಖಾಲಿ ನೀರು ನೋಡಿ ಈ ವರ್ಷ ಚಳಿ ಬೇಗ ಹೋಯಿತು, ಅದಕ್ಕೇ ಹಕ್ಕಿಗಳೂ ಹೋದವು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಎರಡು ದಿನ ಬಿಟ್ಟು ಅದೇ ಹಿಂಡು ಪಕ್ಕದೂರಿನ ಕೆರೆಯಲ್ಲಿ ಆರಾಮಾಗಿ ನಿದ್ದೆ ಹೊಡೆಯುತ್ತಿರುವುದು ಕಂಡ ಮೇಲೆ ಡೈರಿಯ ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಕೆರೆ ಬಿಡುವುದೇ ಬೇರೆ, ನಾಡು ಬಿಡುವುದೇ ಬೇರೆ. ಮಾಗಿ ಮುಗಿಯುವಾಗಿನ ಹವಾಮಾನ ಹೆಬ್ಬಾತುಗಳ ಮೇಲೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಮೊದಲು ಈ ಎರಡನ್ನು ಬೇರೆ ಮಾಡಿಕೊಳ್ಳಬೇಕು. ನಾನು ಹೇಳುತ್ತಿರುವುದು ಪಟ್ಟೆತಲೆ ಹೆಬ್ಬಾತಿನ ಬಗ್ಗೆ, ಹಕ್ಕಿ ನೋಡುವವರು ಬಾರ್ ಹೆಡೆಡ್ ಗೂಸ್ ಎನ್ನುವ ಹಕ್ಕಿ. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಗೀರು, ಹಳದಿ ಕೊಕ್ಕು, ಎರಡರಿಂದ ಮೂರು ಕಿಲೋ ತೂಕ. ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್ ಸರೋವರ, ನಮ್ಮದೇ ಲಡಾಖಿನ ತ್ಸೋ ಮೊರಿರಿಯಂಥ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಇತ್ತ ಬರುತ್ತದೆ. ಕರ್ನಾಟಕದಲ್ಲಿ ಅದನ್ನು ದೊಡ್ಡ ಹಿಂಡಿನಲ್ಲಿ ನೋಡಲು ಹೆಸರಾದ ಜಾಗ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಗದಗಿನಿಂದ ಸುಮಾರು 26 ಕಿ.ಮೀ. ಮಳೆನೀರು ಹಿಡಿದು ಹೊಲಕ್ಕೆ ಬಿಡಲೆಂದು ಕಟ್ಟಿಸಿದ, 50 ಹೆಕ್ಟೇರ್ ಆಸುಪಾಸಿನ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ದಕ್ಷಿಣದವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ನರಸಾಂಬುಧಿ ಕೆರೆಗಳಿವೆ.

ಅಕ್ಟೋಬರ್ ಕೊನೆ, ನವೆಂಬರ್‌ಗೆ ಬಂದವು ಫೆಬ್ರುವರಿ ಮಧ್ಯದಿಂದ ಮಾರ್ಚ್ ಕೊನೆಯೊಳಗೆ ಹೊರಟುಬಿಡುತ್ತವೆ. ಈ ಐದಾರು ವಾರಗಳಲ್ಲಿ ಯಾವ ರಾತ್ರಿ ಎಂದು ಊಹಿಸುವುದೇ ಆಟ.

ಮೊದಲು ಗಡಿಯಾರ, ಆಮೇಲೆ ಹವಾಮಾನ

ಸೆಕೆ ಶುರುವಾಯಿತು ಎಂದು ಹಕ್ಕಿಗಳು ಹೊರಡುತ್ತವೆ ಎಂಬುದು ಎಲ್ಲರ ನಂಬಿಕೆ. ಅರ್ಧ ಸತ್ಯ. ಹೊರಡುವ ಕಾಲವನ್ನು ಮೈಯೊಳಗೆ ಎಬ್ಬಿಸುವುದು ಹಗಲಿನ ಉದ್ದ. ಗದಗಿನಲ್ಲಿ ಡಿಸೆಂಬರ್ ಮೂರನೇ ವಾರ ಹಗಲು ಸುಮಾರು 11 ಗಂಟೆ 13 ನಿಮಿಷ, ಫೆಬ್ರುವರಿ 20ರ ಹೊತ್ತಿಗೆ 11 ಗಂಟೆ 42 ನಿಮಿಷ. ಅರ್ಧ ಗಂಟೆಯ ವ್ಯತ್ಯಾಸ, ಅಷ್ಟೇ. ನಮಗೆ ಗೊತ್ತೇ ಆಗುವುದಿಲ್ಲ, ಹೆಬ್ಬಾತಿಗೆ ಗೊತ್ತಾಗುತ್ತದೆ. ಹಸಿವು ಹೆಚ್ಚುತ್ತದೆ, ಕೊಬ್ಬು ಕೂಡುತ್ತದೆ, ಹಿಂಡಿನಲ್ಲಿ ಚಡಪಡಿಕೆ ಶುರುವಾಗುತ್ತದೆ.

ಹವಾಮಾನದ ಕೆಲಸ ಇದಾದ ಮೇಲೆ ಬರುವುದು. ತಯಾರಾದ ಹಕ್ಕಿಯನ್ನು ನಾಲ್ಕು ದಿನ ತಡೆದು ನಿಲ್ಲಿಸಬಹುದು, ಇಲ್ಲವೇ ನಾಲ್ಕು ದಿನ ಮುಂಚೆ ಕಳಿಸಬಹುದು. ತಯಾರಾಗದ ಹಕ್ಕಿಯನ್ನು ಯಾವ ಬಿಸಿಲೂ ಮಂಗೋಲಿಯಾಕ್ಕೆ ಅಟ್ಟುವುದಿಲ್ಲ. 2023ರ ಫೆಬ್ರುವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದೀಚೆಗೆ ಆ ತಿಂಗಳಲ್ಲಿ ದಾಖಲಾದದ್ದರಲ್ಲೇ ಅತಿ ಹೆಚ್ಚು. ಅಂಥ ವರ್ಷದಲ್ಲಿ ಕೂಡ ಗೂಡು ಕಟ್ಟುವ ಸರೋವರಗಳ ಮೇಲೆ ಹಿಮಗಡ್ಡೆ ಇನ್ನೂ ಕೂತಿರುತ್ತದೆ. ತ್ಸೋ ಮೊರಿರಿ ಇರುವುದೇ 4,500 ಮೀಟರ್ ಎತ್ತರದಲ್ಲಿ. ಬೇಗ ಹೋದರೆ ನಿಲ್ಲಲು ನೀರಿಲ್ಲ, ಮೇಯಲು ಹುಲ್ಲಿಲ್ಲ. ತಡವಾಗಿ ಹೋದರೆ ಒಳ್ಳೆಯ ಗೂಡಿನ ಜಾಗ ಬೇರೆಯವರ ಪಾಲು, ಮರಿ ಬಲಿಯುವ ಮುನ್ನ ಮತ್ತೆ ಚಳಿ.

ಮಾಗಡಿಯಲ್ಲಿ ಕೂತ ಹಕ್ಕಿಗೆ ಚಿಂಗ್‌ಹಾಯ್‌ನಲ್ಲಿ ಹಿಮ ಕರಗಿತೋ ಇಲ್ಲವೋ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ಇಲ್ಲಿಂದ ಹೊರಡುವಾಗ ಗಡಿಯಾರ ನಂಬುತ್ತದೆ, ಅಲ್ಲಿಗೆ ಹತ್ತಿರವಾದಂತೆ ಹವಾಮಾನ ನೋಡುತ್ತದೆ. ಮಿಕ್ಕಿದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಅಮೆರಿಕದಲ್ಲಿರುವ ಕನ್ನಡಿಗ ಗೆಳೆಯರು ಇದನ್ನು ಒಪ್ಪುವುದಿಲ್ಲ, ಅವರು ನೋಡುವುದು ಬೇರೆ. ನೆಬ್ರಾಸ್ಕಾ, ಮಿಸೌರಿ ಕಡೆ ಫೆಬ್ರುವರಿ–ಮಾರ್ಚ್‌ನಲ್ಲಿ ಲಕ್ಷಗಟ್ಟಲೆ ಹಿಮ ಹೆಬ್ಬಾತುಗಳು ಕರಗುತ್ತಿರುವ ಹಿಮದ ಅಂಚನ್ನೇ ಹಿಂಬಾಲಿಸಿ ಉತ್ತರಕ್ಕೆ ಸಾಗುತ್ತವೆ. ಮತ್ತೆ ಹಿಮಪಾತವಾದರೆ ಹಕ್ಕಿಗಳೂ ಬಂದ ದಾರಿಗೆ ಮರಳುತ್ತವೆ. ಅಲ್ಲಿ ಹಿಮದ ಗೆರೆ ಕಣ್ಣೆದುರಿಗೇ ಇರುತ್ತದೆ, ಮುಂದಿನ ಕೊಳ ಹೆಪ್ಪುಗಟ್ಟಿದೆಯೇ ಎಂದು ಹಾರಿ ನೋಡಿ ಬರಬಹುದು. ನಮ್ಮ ಹೆಬ್ಬಾತಿಗೆ ಆ ಸವಲತ್ತಿಲ್ಲ, ನಡುವೆ ಒಂದು ಇಡೀ ಉಪಖಂಡ, ಅದರಾಚೆ ಹಿಮಾಲಯ. ಅಲ್ಲಿರುವವರು ನೆಲದ ಹಿಮದ ನಕ್ಷೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇಲ್ಲಿರುವವರು ಕೆಳಗಿನದ್ದನ್ನು ಮಾಡಬೇಕು.

ಸಂಕ್ರಾಂತಿಯಿಂದ: ನೀರು ಅಳೆಯಿರಿ

ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ನಿಂತು ಕೆರೆಯ ಫೋಟೊ ತೆಗೆಯಿರಿ. ತೂಬಿನ ಕಲ್ಲು, ಒಂದು ಜಾಲಿ ಗಿಡ, ಏನಾದರೂ ಗುರುತಿರಲಿ. ನೀರಿನಂಚು ಎಷ್ಟು ಹಿಂದೆ ಸರಿಯಿತು ಎಂಬುದು ಹೆಜ್ಜೆ ಲೆಕ್ಕದಲ್ಲಿ ಸಾಕು.

ಹಿಂಡಿಗೆ ಹಗಲು ಮಲಗಲು ತೆರೆದ ನೀರು, ನಾಯಿ ಬರುವುದು ದೂರದಿಂದಲೇ ಕಾಣುವ ಬೋಳು ದಂಡೆ ಬೇಕು. ನೀರು ತೀರ ಇಳಿದು ಜನ, ದನ ನಡುವಿನವರೆಗೆ ನಡೆದು ಬರುವಂತಾದರೆ ಹಿಂಡು ಜಾಗ ಬದಲಿಸುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವಲ್ಲ, ಅಂಥ ವರ್ಷ ಕೆರೆ ಬಿಟ್ಟ ತಾರೀಕನ್ನು ವಲಸೆಯ ತಾರೀಕೆಂದು ಬರೆದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಮಳೆ ಹೆಚ್ಚಾದ ವರ್ಷದ ತೊಂದರೆ ಇನ್ನೊಂದು ಬಗೆಯದು. ಎಲ್ಲ ಹೊಂಡ, ಕೆರೆಗಳಲ್ಲೂ ನೀರು, ಹಿಂಡು ಹತ್ತು ಕಡೆ ಹಂಚಿಹೋಗಿರುತ್ತದೆ.

ಹೀಗಾಗಿ ನಿಮ್ಮ ಕೆರೆಯ ಸುತ್ತ ಇಪ್ಪತ್ತು ಕಿ.ಮೀ. ಒಳಗಿನ ಎಲ್ಲ ನೀರಿನ ಜಾಗಗಳ ಪಟ್ಟಿ ಮಾಡಿಕೊಳ್ಳಿ. ಉಪಗ್ರಹ ನಕ್ಷೆಯಲ್ಲಿ ಅರ್ಧ ಗಂಟೆಯ ಕೆಲಸ. ಕೆರೆ ಖಾಲಿಯಾದ ದಿನ ಡೈರಿ ತೆರೆಯುವ ಮುಂಚೆ ಬೈಕ್ ತೆಗೆಯಿರಿ.

ಹೊಲ ನೋಡಿ

ಹೆಬ್ಬಾತು ಮೀನು ಹಿಡಿಯುವ ಹಕ್ಕಿಯಲ್ಲ, ಮೇಯುವ ಹಕ್ಕಿ. ಹಗಲು ಕೆರೆಯಲ್ಲಿ ವಿಶ್ರಾಂತಿ, ಮುಸ್ಸಂಜೆಗೆ ಹೊಲಕ್ಕೆ ಪಯಣ, ಬೆಳಗಿನ ಜಾವ ವಾಪಸ್. ಹಿಂಗಾರಿಯ ಜೋಳ, ಕಡಲೆ ಹೊಲಗಳಲ್ಲಿ ಉದುರಿದ ಕಾಳು, ಎಳೆ ಚಿಗುರು, ಬದುವಿನ ಹುಲ್ಲು ಇವುಗಳ ಊಟ. ನಾಲ್ಕು ಸಾವಿರ ಕಿ.ಮೀ. ಮೀರಿದ ದಾರಿಗೆ ಬುತ್ತಿ ಕಟ್ಟುವುದು ಇಲ್ಲೇ.

ಮಾಗಿಯ ಕೊನೆ ಹವೆ ಇದರ ಮೇಲೆ ನೇರ ಕೈಯಾಡಿಸುತ್ತದೆ. ಚಳಿ, ಇಬ್ಬನಿ ಫೆಬ್ರುವರಿಯವರೆಗೆ ಉಳಿದರೆ ಪೈರು ನಿಧಾನ ಬಲಿಯುತ್ತದೆ, ಹಸಿರು ಹೆಚ್ಚು ದಿನ ಸಿಗುತ್ತದೆ. ಬಿಸಿಲು ಬೇಗ ಏರಿದರೆ ಕಡಲೆ ಬೇಗ ಒಣಗಿ, ರಾಶಿ ಬೇಗ ಮುಗಿದು, ಮಾಗಿ ಉಳುಮೆಗೆ ಟ್ರ್ಯಾಕ್ಟರ್ ಇಳಿಯುತ್ತದೆ. ಆಗ ಹಿಂಡು ದೂರ ದೂರದ ಹೊಲ ಹುಡುಕಿಕೊಂಡು ಹೋಗಿ, ಬೆಳಿಗ್ಗೆ ತಡವಾಗಿ ಮರಳುತ್ತದೆ. ಮರಳುವ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ದಿನದಿನಕ್ಕೆ ತಡವಾಗುತ್ತಿದ್ದರೆ ಹತ್ತಿರದಲ್ಲಿ ಮೇವು ತೀರಿತೆಂದು ತಿಳಿಯಬಹುದು.

ರೈತರನ್ನು ಕೇಳಿ, ಆದರೆ ಮರ್ಯಾದೆಯಿಂದ ಕೇಳಿ. ಅವರ ಪೈರು ತಿಂದ ಹಕ್ಕಿಯ ಚಂದ ಹೊಗಳಿಕೊಂಡು ಹೊಲ ತುಳಿಯುವವರನ್ನು ಯಾರೂ ಕೂರಿಸಿ ಚಹಾ ಕೊಡುವುದಿಲ್ಲ.

ಹೊಟ್ಟೆ ಓದುವುದನ್ನು ಕಲಿಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗದ ಕಲೆ ಇದು, ಕಲಿಯಲು ಒಂದು ಬೆಳಗು ಸಾಕು. ಹಕ್ಕಿ ದಂಡೆಯ ಮೇಲೆ ಅಡ್ಡಡ್ಡ ನಿಂತಾಗ, ಕಾಲಿನ ಹಿಂದಿನಿಂದ ಬಾಲದ ಬುಡದವರೆಗಿನ ಗೆರೆ ನೋಡಿ. ಆ ಗೆರೆ ಒಳಗೆ ಸೇರಿದ್ದರೆ 1, ನೇರವಾಗಿದ್ದರೆ 2, ತುಸು ಉಬ್ಬಿದ್ದರೆ 3, ಕೆಳಗೆ ಜೋತುಬಿದ್ದಂತೆ ಕಂಡರೆ 4. ಕೊಬ್ಬು ಸೇರುವುದು ಅಲ್ಲೇ. ವಿಜ್ಞಾನಿಗಳೂ ಹೆಬ್ಬಾತು ಹಿಡಿಯದೆಯೇ ಅದರ ಕೊಬ್ಬು ಅಂದಾಜು ಮಾಡುವುದು ಇದೇ ಬಗೆಯಲ್ಲಿ.

ಒಂದು ಹಕ್ಕಿ ನೋಡಿ ತೀರ್ಮಾನಿಸಬೇಡಿ. ವಾರಕ್ಕೆ ಇಪ್ಪತ್ತೈದು ಹಕ್ಕಿ, ಕಣ್ಣಿಗೆ ಬಿದ್ದವುಗಳಲ್ಲಿ ಆರಿಸದೆ ಸಾಲಾಗಿ ಎಣಿಸಿ. ನೀರಿನಲ್ಲಿ ತೇಲುವವನ್ನು ಬಿಡಿ, ಹೊಟ್ಟೆ ಕಾಣುವುದಿಲ್ಲ. ಜೋರು ಗಾಳಿಗೆ ಗರಿ ಕೆದರಿದ್ದರೂ ಬಿಡಿ, ಅಂಥ ಬೆಳಿಗ್ಗೆ ಎಲ್ಲವೂ ದಪ್ಪಗೇ ಕಾಣುತ್ತವೆ. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು 3, 4ಕ್ಕೆ ಬಂದರೆ ಹಿಂಡು ತಯಾರು. ಅಲ್ಲಿಂದ ಮುಂದೆ ಹವಾಮಾನ ನೋಡುವುದಕ್ಕೆ ಅರ್ಥ ಬರುತ್ತದೆ.

ಹೊಟ್ಟೆ ಇನ್ನೂ 2ರಲ್ಲೇ ಇದ್ದು ಕೆರೆ ಖಾಲಿಯಾದರೆ? ಮೇಲೆ ಹೇಳಿದ ಬೈಕಿನ ಮಾತು ನೆನಪಿಸಿಕೊಳ್ಳಿ.

ಗಾಳಿ

"ಶಿವರಾತ್ರಿ ಆತಂದ್ರ ಅವು ನಿಲ್ಲಾಂಗಿಲ್ರಿ" ಎಂದು ಕೆರೆ ಪಕ್ಕದ ಹಿರಿಯರೊಬ್ಬರು ನನಗೆ ಹೇಳಿದ್ದರು. ಶಿವರಾತ್ರಿಗೆ ಚಳಿ ಶಿವ ಶಿವಾ ಎನ್ನುತ್ತ ಹೋಗುತ್ತದೆ ಎಂಬ ಮಾತು ನಮಗೆಲ್ಲ ಗೊತ್ತು, ಅವರು ಹಕ್ಕಿಯನ್ನೂ ಅದರ ಜೊತೆ ಕಳಿಸಿದರು. ಚಾಂದ್ರಮಾನದ ಹಬ್ಬ ಫೆಬ್ರುವರಿ ಮಧ್ಯದಿಂದ ಮಾರ್ಚ್ ಎರಡನೇ ವಾರದವರೆಗೆ ಓಡಾಡುವುದರಿಂದ ಅದನ್ನೇ ತಾರೀಕಾಗಿ ಹಿಡಿಯಲಾಗದು. ಆದರೆ ಅವರು ಗಮನಿಸಿದ್ದರಲ್ಲಿ ಹುರುಳಿದೆ, ಕಾರಣ ಮಾತ್ರ ಚಳಿಯಲ್ಲ.

ಫೆಬ್ರುವರಿಯ ಬಯಲುಸೀಮೆಯಲ್ಲಿ ಉತ್ತರದಿಂದಲೋ ಈಶಾನ್ಯದಿಂದಲೋ ಗಾಳಿ ಬಂದರೆ ಆಕಾಶ ನಿಚ್ಚಳ, ರಾತ್ರಿ ಚಳಿ. ಗಾಳಿ ತಿರುಗಿ ಆಗ್ನೇಯದಿಂದ, ದಕ್ಷಿಣದಿಂದ ಬೀಸಿದರೆ ಸಮುದ್ರದ ತೇವ ಬರುತ್ತದೆ, ತೆಳು ಮೋಡ ಕಟ್ಟುತ್ತದೆ, ರಾತ್ರಿಯ ಉಷ್ಣಾಂಶ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದಾಗ "ಇವತ್ತು ಚಳಿಯೇ ಇಲ್ಲವಲ್ಲ" ಎನ್ನಿಸುವ ದಿನ ಅದು. ಉತ್ತರಕ್ಕೆ ಹೋಗುವ ಹಕ್ಕಿಗೆ ಆ ಗಾಳಿ ಬೆನ್ನಿಗೆ. ಹಕ್ಕಿಯನ್ನು ಕಳಿಸಿದ್ದು ಬೆಚ್ಚನೆಯ ರಾತ್ರಿಯಲ್ಲ, ರಾತ್ರಿಯನ್ನು ಬೆಚ್ಚಗೆ ಮಾಡಿದ ಗಾಳಿ.

ಲೆಕ್ಕ ಹಾಕಿ ನೋಡಿ. ಮಾಗಡಿಯಿಂದ ಹಿಮಾಲಯದ ಬುಡಕ್ಕೆ ನೇರ ದಾರಿಯಲ್ಲಿ ಸುಮಾರು 1,600 ಕಿ.ಮೀ. ಗಾಳಿಯಿಲ್ಲದಾಗ ಗಂಟೆಗೆ 65 ಕಿ.ಮೀ. ವೇಗವೆಂದು ಹಿಡಿದರೆ 24–25 ಗಂಟೆಯ ಹಾರಾಟ. ಗಂಟೆಗೆ 20 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಸುಮಾರು 19 ಗಂಟೆ. ಅದೇ ಗಾಳಿ ಎದುರಿದ್ದರೆ 35–36 ಗಂಟೆ. ದುಪ್ಪಟ್ಟಿಗೆ ಹತ್ತಿರ! ನಡುವೆ ಇಳಿದು ಮೇಯುತ್ತವೆ ನಿಜ, ಆದರೂ ಕೊಬ್ಬಿನ ಖರ್ಚು ಖರ್ಚೇ.

ನೋಡಬೇಕಾದ ಗಾಳಿ ನೆಲಮಟ್ಟದ್ದಲ್ಲ. ಮೊಬೈಲಿನ ಗಾಳಿ ನಕ್ಷೆಗಳಲ್ಲಿ ಎತ್ತರ ಆರಿಸುವ ಗುಂಡಿ ಇರುತ್ತದೆ, ಅದರಲ್ಲಿ 850 ಹೆಕ್ಟೊಪಾಸ್ಕಲ್ ಎಂದಿರುವುದನ್ನು ಒತ್ತಿ. ಸುಮಾರು 1,500 ಮೀಟರ್ ಎತ್ತರದ ಗಾಳಿ ಕಾಣಿಸುತ್ತದೆ. ಸಂಜೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಓಡಿಸಿ ನೋಡಿ. ಗಾಳಿಯ ದಿಕ್ಕು ಹೇಳುವಾಗ ಹವಾಮಾನ ಇಲಾಖೆಯವರು ಎಲ್ಲಿಂದ ಬರುತ್ತದೆ ಎಂದು ಹೇಳುತ್ತಾರೆ, ಎಲ್ಲಿಗೆ ಹೋಗುತ್ತದೆ ಎಂದಲ್ಲ. ನಾನು ಒಂದು ಇಡೀ ಸೀಸನ್ ಇದನ್ನು ತಿರುವುಮುರುವಾಗಿ ಓದಿದ್ದೆ, ಹೇಳಿಕೊಳ್ಳಲು ನಾಚಿಕೆ.

ಹಿಂಡು ತಯಾರಾದ ಮೇಲೆ ಮೂರು ನಾಲ್ಕು ದಿನ ಎದುರುಗಾಳಿ ಬೀಸಿ, ಆಮೇಲೆ ಮೊದಲ ಸಲ ಗಾಳಿ ತಿರುಗಿ ದಕ್ಷಿಣದಿಂದ ಬೀಸುವ ಸಂಜೆ ಇದೆಯಲ್ಲ, ಆ ಸಂಜೆ ಏನಾದರೂ ಮಾಡಿ ಕೆರೆ ಏರಿಯ ಮೇಲಿರಿ. ಗಾಳಿಯೇ ಇಲ್ಲದ ಶಾಂತ ರಾತ್ರಿಯೂ ಪರವಾಗಿಲ್ಲ. ಮಳೆ, ಗುಡುಗಿನ ಸೂಚನೆ ಇದ್ದರೆ ಮನೆಯಲ್ಲಿರಿ, ಹಕ್ಕಿಗಳೂ ಕೆರೆಯಲ್ಲೇ ಇರುತ್ತವೆ.

ಉತ್ತರದ ಹವೆ ನಮಗೇಕೆ?

ಇಲ್ಲಿಂದ ಹೊರಡುವ ದಿನಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಹೋದ ಹಕ್ಕಿಗಳು ಎಲ್ಲಿ ಸಿಕ್ಕಿಹಾಕಿಕೊಂಡಿರಬಹುದು ಎಂದು ತಿಳಿಯಲು ಬೇಕು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯುವ್ಯ ಭಾರತಕ್ಕೆ ಒಂದರ ಹಿಂದೊಂದು ಪಶ್ಚಿಮದ ಅಡಚಣೆಗಳು ಬರುತ್ತವೆ, ಟಿವಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವುದು ಇದನ್ನೇ. ಬಯಲಿಗೆ ಮಳೆ, ಬೆಟ್ಟಕ್ಕೆ ಹಿಮ. ಅಡಚಣೆ ಬರುವ ಮುನ್ನ ಅದರ ಮುಂಭಾಗದಲ್ಲಿ ದಕ್ಷಿಣದ ಗಾಳಿ, ದಾಟಿದ ಮೇಲೆ ವಾಯುವ್ಯದ ತಣ್ಣನೆಯ ಗಾಳಿ. ಹಕ್ಕಿಯ ಪಾಡು ನೋಡಿ: ಗಾಳಿ ಬೆನ್ನಿಗಿರುವಾಗ ಮುಂದೆ ಬೆಟ್ಟದಲ್ಲಿ ಹಿಮಪಾತ, ಬೆಟ್ಟ ತಿಳಿಯಾದಾಗ ಗಾಳಿ ಮುಖಕ್ಕೆ. ಮಾರ್ಚ್‌ನಲ್ಲಿ ಇವು ಮೇಲಿಂದ ಮೇಲೆ ಬಂದರೆ ಉತ್ತರದ ಬಯಲಿನ ಕೆರೆ, ನದಿಗಳಲ್ಲಿ ಹೆಬ್ಬಾತುಗಳು ಕಾದು ಕೂರಬೇಕಾಗುತ್ತದೆ.

ಹಿಮಾಲಯ ದಾಟುವಾಗ ಅವು ಗಾಳಿಯ ನೆರವಿಗೆ ಕಾಯುತ್ತವೆ ಎಂದೇ ಬಹುಕಾಲ ಎಲ್ಲರೂ ಅಂದುಕೊಂಡಿದ್ದರು. ಹಗಲಲ್ಲಿ ಬಿಸಿಲಿಗೆ ಕಾದ ಇಳಿಜಾರಿನ ಮೇಲೆ ಗಾಳಿ ತಾನಾಗಿ ಮೇಲೇರುತ್ತದೆ, ಅದನ್ನು ಹತ್ತಿ ಹೋದರೆ ಸುಲಭವಲ್ಲವೇ? ಉಪಗ್ರಹ ಸಾಧನ ಕಟ್ಟಿದ ಹಕ್ಕಿಗಳ ಅಧ್ಯಯನ 2011ರಲ್ಲಿ ಪ್ರಕಟವಾದಾಗ ಕಂಡದ್ದು ತದ್ವಿರುದ್ಧ. ಅವು ಆ ಗಾಳಿ ಬಿಟ್ಟು, ರಾತ್ರಿ ಮತ್ತು ಬೆಳಗಿನ ಜಾವ, ಗಾಳಿ ಅಡಗಿದ ಹೊತ್ತಿನಲ್ಲಿ ರೆಕ್ಕೆ ಬಡಿದೇ ಏಳೆಂಟು ಗಂಟೆಯಲ್ಲಿ ಬೆಟ್ಟವೇರಿದ್ದವು. ತಣ್ಣನೆಯ ಗಾಳಿ ಸಾಂದ್ರ, ರೆಕ್ಕೆಗೆ ಹಿಡಿತ ಹೆಚ್ಚು. ಮಧ್ಯಾಹ್ನದ ಬಿರುಗಾಳಿಯ ಅಪಾಯವೂ ಇಲ್ಲ. ಎವರೆಸ್ಟ್ ಮೇಲೆ ಹಾರುತ್ತವೆ ಎಂಬ ಮಾತು ತುಂಬ ಓಡಾಡುತ್ತದೆ. 2013ರ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್, ಬಹುಪಾಲು ಹಾರಾಟ 5,500 ಮೀಟರಿನ ಕೆಳಗೇ. ಕಣಿವೆ ಸಿಕ್ಕಲ್ಲಿ ಕಣಿವೆ ಹಿಡಿದು ಹೋಗುವ ಜಾಣ ಹಕ್ಕಿ ಅದು, ಶಿಖರದ ಮೇಲೆ ಬಾವುಟ ನೆಡುವ ಹುಚ್ಚು ಅದಕ್ಕಿಲ್ಲ.

ಬೆಟ್ಟ ದಾಟಿದ ಮೇಲೆ ಟಿಬೆಟ್ಟಿನಲ್ಲಿ ಮತ್ತೆ ಕಾಯುವಿಕೆ. ಹಿಮ ಕರಗಿ ಹುಲ್ಲು ಚಿಗುರಿದ ಕಡೆ ಮೇಯುತ್ತ ಮುಂದೆ ಸಾಗಬೇಕು. ಮಾರ್ಚ್ ಆರಂಭದಲ್ಲಿ ಮಾಗಡಿ ಬಿಟ್ಟ ಹಕ್ಕಿ ಏಪ್ರಿಲ್‌ನಲ್ಲಿ ಇನ್ನೂ ದಾರಿಯಲ್ಲೇ ಇರುವುದು ಇದಕ್ಕೇ.

ಸಂಜೆ ಏರಿಯ ಮೇಲೆ

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಹೋಗಿ, ಏರಿಯ ಇಳಿಜಾರಿನಲ್ಲಿ ಕೂತುಬಿಡಿ. ನಿಂತ ಮನುಷ್ಯನಿಗಿಂತ ಕೂತವನನ್ನು ಅವು ಹೆಚ್ಚು ಸಹಿಸುತ್ತವೆ. ಡ್ರೋನ್ ಬೇಡ. ಪ್ರಯಾಣದ ಹಿಂದಿನ ದಿನ ಹಿಂಡನ್ನು ಎಬ್ಬಿಸಿ ಹಾರಿಸಿದರೆ ಕೂಡಿಟ್ಟ ಬುತ್ತಿಗೆ ಕೈ ಹಾಕಿದಂತೆ.

ಇಲ್ಲೊಂದು ಮೋಸವಿದೆ. ಮೇಯಲು ಹೋಗುವುದೂ ಸಂಜೆಯೇ, ವಲಸೆ ಹೊರಡುವುದೂ ಹೆಚ್ಚಾಗಿ ಸಂಜೆ, ರಾತ್ರಿಯೇ. ವ್ಯತ್ಯಾಸ ಹೀಗೆ ಗುರುತಿಸುತ್ತೇನೆ. ಹೊಲಕ್ಕೆ ಹೋಗುವವು ಸಣ್ಣ ಸಣ್ಣ ಗುಂಪಾಗಿ, ಬೇರೆ ಬೇರೆ ದಿಕ್ಕಿಗೆ, ಮರದೆತ್ತರಕ್ಕಿಂತ ತುಸು ಮೇಲೆ ಹೋಗಿ ಇಳಿದುಬಿಡುತ್ತವೆ. ವಲಸೆ ಹೊರಡುವ ಗುಂಪಿನಲ್ಲಿ ಮೊದಲು ಗದ್ದಲ ಏರುತ್ತದೆ, ತಲೆ ಕೊಡವುವುದು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಎದ್ದ ಮೇಲೆ ಕೆರೆಯ ಮೇಲೆ ಸುತ್ತು ಹಾಕುತ್ತ ಎತ್ತರ ಪಡೆಯುತ್ತವೆ, ಕೊಕ್ಕೆಯಾಕಾರದ ಸಾಲು ಕಟ್ಟುತ್ತವೆ, ಉತ್ತರಕ್ಕೆ ಮುಖ ಮಾಡಿದ ಮೇಲೆ ಇಳಿಯುವುದಿಲ್ಲ. ಕತ್ತಲಲ್ಲಿ ದನಿ ಮಾತ್ರ ಕೇಳುತ್ತದೆ, ತಲೆಯ ಮೇಲಿಂದ ಶುರುವಾಗಿ ಒಂದೇ ದಿಕ್ಕಿಗೆ ತೆಳುವಾಗುತ್ತ ಹೋಗುತ್ತದೆ. ಎಲ್ಲವೂ ಒಂದೇ ರಾತ್ರಿ ಹೋಗುವುದಿಲ್ಲ, ಎರಡು ಮೂರು ವಾರಗಳಲ್ಲಿ ಕಂತುಕಂತಾಗಿ ಹೋಗುತ್ತವೆ. ಒಂದು ರಾತ್ರಿ ತಪ್ಪಿಸಿಕೊಂಡಿರೆಂದು ಕೈಚೆಲ್ಲಬೇಡಿ.

ಕೆಲವು ಹಕ್ಕಿಗಳ ಕೊರಳಲ್ಲಿ ಅಕ್ಷರ, ಅಂಕೆ ಇರುವ ಪಟ್ಟಿ ಕಾಣಬಹುದು. ಮಂಗೋಲಿಯಾದಲ್ಲಿ ಹಾಕಿದ ಪಟ್ಟಿಯವು ಹದಿನಾರು ಕೆರೆಯಲ್ಲಿ ಕಂಡಿವೆ. ಬಣ್ಣ, ಸಂಕೇತ, ದಿನ, ಜಾಗ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಪಟ್ಟಿಯ ಹಕ್ಕಿ ಕೊನೆಯ ಸಲ ಕಂಡ ದಿನ ಇಡೀ ಹಿಂಡಿನ ಎಣಿಕೆಗಿಂತ ಗಟ್ಟಿ ಸಾಕ್ಷಿ.

ಮರುದಿನ ಬೆಳಿಗ್ಗೆ

ಹಿಂದಿನ ರಾತ್ರಿಯ ಸಂಭ್ರಮ ನಂಬಬೇಡಿ. ಎಂಟು ಗಂಟೆಯ ಹೊತ್ತಿಗೆ, ಹೊಲದಿಂದ ಮರಳುವವೆಲ್ಲ ಮರಳಿದ ಮೇಲೆ, ಎಣಿಸಿ. ನೂರು ಹಕ್ಕಿಯಷ್ಟು ಜಾಗ ಎಷ್ಟೆಂದು ಕಣ್ಣಳತೆ ಮಾಡಿಕೊಂಡು ಅಷ್ಟಷ್ಟೇ ಮುಂದೆ ಹೋದರೆ ಸಾಕು. ಪಟ್ಟಿಯಲ್ಲಿರುವ ಪಕ್ಕದ ಕೆರೆಗಳನ್ನೂ ಸುತ್ತಿ ಬನ್ನಿ. ಎಲ್ಲ ಕಡೆ ಕಡಿಮೆಯಾಗಿದ್ದರೆ ಹೋದವು ಎಂದು ಬರೆಯಬಹುದು. ಅದರ ಪಕ್ಕದಲ್ಲೇ ಹಿಂದಿನ ಸಂಜೆಯ ಗಾಳಿಯ ದಿಕ್ಕು, ರಾತ್ರಿಯ ಕನಿಷ್ಠ ಉಷ್ಣಾಂಶ, ನೀರಿನಂಚು, ಕಳೆದ ವಾರದ ಹೊಟ್ಟೆಯ ಅಂಕ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಸೊನ್ನೆ ಬಂದ ದಿನದ ಪಟ್ಟಿಯನ್ನೂ ಹಾಕಿ. ಹಕ್ಕಿ ಕಾಣದ ದಿನವನ್ನು ಯಾರೂ ದಾಖಲಿಸುವುದಿಲ್ಲ, ಹೊರಟ ತಾರೀಕು ಸಿಗುವುದು ಅದರಿಂದಲೇ.

ಏಪ್ರಿಲ್ ಮಧ್ಯ ದಾಟಿದ ಮೇಲೂ ಒಂದೆರಡು ಹೆಬ್ಬಾತು ಕೆರೆಯಲ್ಲಿ ಉಳಿದಿದ್ದರೆ ರೆಕ್ಕೆ ನೋಡಿ. ಜೋತುಬಿದ್ದಿದ್ದರೆ, ಹಾರಲು ಹೋಗಿ ಕೂರುತ್ತಿದ್ದರೆ, ಅರಣ್ಯ ಇಲಾಖೆಯವರಿಗೆ ಹೇಳಿ, ನೀವೇ ನೀರಿಗಿಳಿದು ಹಿಡಿಯಲು ಹೋಗಬೇಡಿ. ರೆಕ್ಕೆ ಸರಿಯಿದ್ದರೆ ವಾರಕ್ಕೊಮ್ಮೆ ನೋಡುತ್ತಿರಿ, ಕೊನೆಗೆ ಕಂಡ ದಿನ ಬರೆದಿಡಿ.